ಮರಿ ಹುಟ್ಟಿದ ಮೇಲೆ: ಮೃಗಾಲಯವೂ ಕಬ್ಬಿನ ಗದ್ದೆಯೂ

(ಹಳ್ಳಿಗರು ಮತ್ತು ವಿದ್ಯಾರ್ಥಿಗಳ ಸಭೆಗಾಗಿ ಸಿದ್ಧಪಡಿಸಿದ ಉಪನ್ಯಾಸದ ಬರಹರೂಪ)



ಮೈಸೂರಿನ ಮೃಗಾಲಯದಲ್ಲಿ ಜಿರಾಫೆಯೋ ಹುಲಿಯೋ ಮರಿ ಹಾಕಿದರೆ ಅದರ ಚಿತ್ರ ಪತ್ರಿಕೆಯಲ್ಲಿ ಬರುತ್ತದೆ. ಮರಿಗೆ ಹೆಸರಿಡುತ್ತಾರೆ. ಮುಂದಿನ ರಜೆಯಲ್ಲಿ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಶಾಲೆಗಳಿಂದ ಬಸ್ಸಿನಲ್ಲಿ ಹೋದ ಮಕ್ಕಳು ಆ ಮರಿಯನ್ನು ನೋಡಿ ಕೈಬೀಸಿ ಬರುತ್ತಾರೆ. ಇದೇ ತಾಲ್ಲೂಕುಗಳ ಯಾವುದಾದರೂ ಕಬ್ಬಿನ ಗದ್ದೆಯಲ್ಲಿ ಚಿರತೆಯೊಂದು ಎರಡು ಮರಿ ಹಾಕಿದರೆ ಅದೂ ಸುದ್ದಿಯೇ. ಆದರೆ ಅದು ಭಯದ ಸುದ್ದಿ. ಊರಿನವರು ಸೇರುತ್ತಾರೆ, ಮರಿಯನ್ನು ಎತ್ತಿಕೊಂಡು ಚಿತ್ರ ತೆಗೆಸಿಕೊಳ್ಳುತ್ತಾರೆ, ಕೊನೆಗೆ "ಇವನ್ನು ಮೃಗಾಲಯಕ್ಕೆ ಸಾಗಿಸಿ" ಎಂದು ಒತ್ತಾಯಿಸುತ್ತಾರೆ. ಒಂದು ಹುಟ್ಟು ಸಂಭ್ರಮ, ಇನ್ನೊಂದು ಹುಟ್ಟು ಸಂಕಟ. ಈ ಎರಡು ಹುಟ್ಟುಗಳ ನಡುವಿನ ಸಂಬಂಧವೇ ಈ ಉಪನ್ಯಾಸದ ವಿಷಯ.

ಮೊದಲು ಮೃಗಾಲಯದ ಕಡೆಯಿಂದ ನೋಡಬಹುದು. ಮೈಸೂರಿನ ಮೃಗಾಲಯವನ್ನು 1892ರಲ್ಲಿ ಹತ್ತನೆಯ ಚಾಮರಾಜೇಂದ್ರ ಒಡೆಯರು ಸ್ಥಾಪಿಸಿದರು. ಸುಮಾರು ಹತ್ತು ಎಕರೆಯಲ್ಲಿ ಆರಂಭವಾದ ಅರಮನೆಯ ಪ್ರಾಣಿಸಂಗ್ರಹ ಅದು. 1909ರಲ್ಲಿ ಅದಕ್ಕೆ ಚಾಮರಾಜೇಂದ್ರ ಮೃಗಾಲಯವೆಂಬ ಹೆಸರು ಬಂತು. ಸ್ವಾತಂತ್ರ್ಯಾನಂತರ, 1948ರಲ್ಲಿ, ಅದು ಸರ್ಕಾರದ ಉದ್ಯಾನವನಗಳ ಇಲಾಖೆಗೂ 1972ರಲ್ಲಿ ಅರಣ್ಯ ಇಲಾಖೆಗೂ ಸೇರಿತು. 1979ರಲ್ಲಿ ಕರ್ನಾಟಕ ಮೃಗಾಲಯ ಪ್ರಾಧಿಕಾರ ರಚನೆಯಾಯಿತು. ಮೃಗಾಲಯಗಳ ಆಡಳಿತಕ್ಕೆಂದೇ ದೇಶದಲ್ಲಿ ಹುಟ್ಟಿದ ಮೊದಲ ಸ್ವಾಯತ್ತ ಸಂಸ್ಥೆ ಇದು. ಇಂದು ಮೈಸೂರಿನ ಮೃಗಾಲಯ ನೂರೈವತ್ತು ಎಕರೆಗೂ ಮಿಗಿಲಾಗಿ ಹರಡಿಕೊಂಡಿದೆ.

ಈ ಆಡಳಿತದ ಇತಿಹಾಸದಲ್ಲಿ ಇನ್ನೊಂದು ಇತಿಹಾಸ ಅಡಗಿದೆ. ಆರಂಭದ ಮೃಗಾಲಯ ಒಂದು ಪ್ರದರ್ಶನ. ಅಪರೂಪದ ಪ್ರಾಣಿಗಳನ್ನು ಸಾಲಾಗಿ ತೋರಿಸುವುದೇ ಅದರ ಹಿರಿಮೆ. ಒಂದು ಪ್ರಾಣಿ ಸತ್ತರೆ ಕಾಡಿನಿಂದ ಇನ್ನೊಂದನ್ನು ಹಿಡಿದು ತರಬಹುದಾಗಿತ್ತು. ಕಾಡು ತೀರದ ಕಣಜವೆಂದು ಎಲ್ಲರೂ ಭಾವಿಸಿದ್ದ ಕಾಲ ಅದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಆ ಬಾಗಿಲನ್ನು ಮುಚ್ಚಿತು. 1991ರ ತಿದ್ದುಪಡಿಯಿಂದ ಮೃಗಾಲಯಗಳಿಗೇ ಒಂದು ಪ್ರತ್ಯೇಕ ಅಧ್ಯಾಯ ಕಾಯಿದೆಯಲ್ಲಿ ಸೇರಿತು. 1992ರಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರ ಅಸ್ತಿತ್ವಕ್ಕೆ ಬಂತು. ಅದರ ಮಾನ್ಯತೆ ಇಲ್ಲದೆ ಯಾರೂ ಮೃಗಾಲಯ ನಡೆಸುವಂತಿಲ್ಲ. 1998ರ ರಾಷ್ಟ್ರೀಯ ಮೃಗಾಲಯ ನೀತಿ ಮತ್ತು 2009ರ ನಿಯಮಗಳು ಪ್ರಾಣಿಗೆ ಎಷ್ಟು ಜಾಗ ಬೇಕು, ಪಶುವೈದ್ಯರ ವ್ಯವಸ್ಥೆ ಹೇಗಿರಬೇಕು, ಹೊಸದಾಗಿ ಬಂದ ಪ್ರಾಣಿಯನ್ನು ಹೇಗೆ ಬೇರೆಯಾಗಿರಿಸಿ ಪರೀಕ್ಷಿಸಬೇಕು ಎಂಬುದನ್ನೆಲ್ಲ ಗೊತ್ತುಪಡಿಸಿದವು.

ಆಧುನೀಕರಣವೆಂದರೆ ಇದು. ಗೇಟಿನ ಬಳಿ ಹೊಸ ಕಮಾನು ಕಟ್ಟುವುದು, ಬ್ಯಾಟರಿ ಗಾಡಿ ಓಡಿಸುವುದು, ಟಿಕೆಟನ್ನು ಫೋನಿನಲ್ಲಿ ಕೊಡುವುದು ಪ್ರವಾಸಿಗೆ ಅನುಕೂಲ. ಪ್ರಾಣಿಗೆ ಅದರಿಂದ ಏನೂ ಇಲ್ಲ. ಕಬ್ಬಿಣದ ಸರಳುಗಳ ಜಾಗದಲ್ಲಿ ಕಂದಕ ಬಂದರೆ, ಸಿಮೆಂಟಿನ ನೆಲದ ಜಾಗದಲ್ಲಿ ಮಣ್ಣು, ನೆರಳು, ನೀರಿನ ಹೊಂಡ ಬಂದರೆ, ಜನರ ಕಣ್ಣಿನಿಂದ ಮರೆಯಾಗಲು ಒಂದು ಪೊದೆ ಉಳಿದರೆ ಅದು ಪ್ರಾಣಿಗೆ ಆದ ಆಧುನೀಕರಣ. ಮೈಸೂರಿನ ಮೃಗಾಲಯ ಮಂಗಳವಾರ ಮುಚ್ಚಿರುತ್ತದೆ. ದೂರದಿಂದ ಬಂದವರಿಗೆ ಅದು ನಿರಾಸೆ. ಒಳಗಿನ ಪ್ರಾಣಿಗಳಿಗೆ ವಾರದಲ್ಲಿ ಒಂದು ದಿನದ ನಿಶ್ಶಬ್ದ.

ಇನ್ನು ಹುಟ್ಟಿನ ವಿಚಾರ. ಮೃಗಾಲಯದಲ್ಲಿ ಹೆಚ್ಚು ಮರಿಗಳು ಹುಟ್ಟಿದಷ್ಟೂ ಮೃಗಾಲಯ ಚೆನ್ನಾಗಿದೆ ಎಂಬ ಎಣಿಕೆ ಜನರಲ್ಲಿದೆ. ಅದು ಅರ್ಧ ಸತ್ಯ. ಹಸಿವು, ಬೆದರಿಕೆ, ರೋಗಗಳಲ್ಲಿ ನರಳುವ ಎಷ್ಟೋ ಪ್ರಾಣಿಗಳು ಮರಿ ಹಾಕುವುದಿಲ್ಲ. ಆದ್ದರಿಂದ ಹುಟ್ಟು ಒಳ್ಳೆಯ ಪಾಲನೆಯ ಒಂದು ಗುರುತು ಹೌದು. ಆದರೆ ಸಿಂಹ, ಹುಲಿ, ಜಿಂಕೆಗಳು ಬಂಧನದಲ್ಲಿಯೂ ಸುಲಭವಾಗಿ ಸಂತಾನ ಪಡೆಯುತ್ತವೆ. ಹುಟ್ಟಿದ ಹುಲಿಮರಿ ಎರಡು ವರ್ಷದಲ್ಲಿ ದೊಡ್ಡ ಹುಲಿಯಾಗುತ್ತದೆ, ದಿನಕ್ಕೆ ಹಲವು ಕಿಲೋ ಮಾಂಸ ಬೇಡುತ್ತದೆ, ಹದಿನೈದು ಇಪ್ಪತ್ತು ವರ್ಷ ಬದುಕುತ್ತದೆ. ಅದಕ್ಕೊಂದು ಕೋಣೆ, ಒಂದು ಅಂಗಳ, ಒಬ್ಬ ಪಾಲಕ ಬೇಕು. ಮರಿಯಾಗಿದ್ದಾಗ ಚಿತ್ರ ತೆಗೆದವರು ಆಗ ಬರುವುದಿಲ್ಲ. ಆದ್ದರಿಂದ ಇಂದು ಮೃಗಾಲಯಗಳು ಮರಿ ಹುಟ್ಟಿಸುವುದರ ಜೊತೆಗೆ ಹುಟ್ಟದಂತೆ ನೋಡಿಕೊಳ್ಳುವುದನ್ನೂ ಕಲಿಯಬೇಕಾಗಿದೆ: ಗಂಡುಹೆಣ್ಣುಗಳನ್ನು ಬೇರೆಯಾಗಿಡುವುದು, ಸಂತಾನಹರಣ ಚಿಕಿತ್ಸೆ ಮಾಡುವುದು ಪಶುವೈದ್ಯರ ಕೆಲಸದ ಭಾಗವಾಗಿದೆ.

ಲೆಕ್ಕವಿಲ್ಲದ ಹುಟ್ಟಿನ ಪರಿಣಾಮಕ್ಕೆ ಪಂಜಾಬಿನ ಛತ್‌ಬೀರ್ ಮೃಗಾಲಯದ ಸಿಂಹಗಳು ಸಾಕ್ಷಿ. ಅಲ್ಲಿ ಗಿರ್ ಅರಣ್ಯದ ಮೂಲದ ಸಿಂಹಗಳೂ ಸರ್ಕಸ್ಸಿನಿಂದ ಬಂದ ಆಫ್ರಿಕಾ ಮೂಲದ ಸಿಂಹಗಳೂ ಕೂಡಿ ಹತ್ತಾರು ಮಿಶ್ರತಳಿಯ ಸಿಂಹಗಳು ಹುಟ್ಟಿದವು. ಅವು ಗಿರ್‌ಗೂ ಸಲ್ಲಲಿಲ್ಲ, ಆಫ್ರಿಕಾಕ್ಕೂ ಸಲ್ಲಲಿಲ್ಲ. ಕೊನೆಗೆ ಅವುಗಳ ಸಂತಾನಾಭಿವೃದ್ಧಿಯನ್ನು ನಿಲ್ಲಿಸಿ, ಇರುವಷ್ಟು ದಿನ ಸಾಕುವುದೊಂದೇ ಉಳಿದ ದಾರಿಯಾಯಿತು. ಆ ಪ್ರಾಣಿಗಳದು ಯಾವ ತಪ್ಪೂ ಇರಲಿಲ್ಲ.

ಇದಕ್ಕೆ ಎದುರಾದ ನಿದರ್ಶನ ಅಸ್ಸಾಮಿನದು. ಹಿಮಾಲಯದ ತಪ್ಪಲಿನ ಹುಲ್ಲುಗಾವಲಿನಲ್ಲಿ ಒಂದು ಗೇಣಿನಷ್ಟೇ ಎತ್ತರದ ಕುಬ್ಜ ಹಂದಿಯೊಂದಿದೆ. ಅದು ಅಳಿದೇಹೋಗುವ ಸ್ಥಿತಿಯಲ್ಲಿದ್ದಾಗ, 1996ರಲ್ಲಿ, ಮಾನಸ ಅರಣ್ಯದಿಂದ ಆರು ಹಂದಿಗಳನ್ನು ಹಿಡಿದು ಗುವಾಹಾಟಿಯ ಬಳಿ ಸಾಕಲಾಯಿತು. ಅವುಗಳಿಂದ ಬೆಳೆದ ಸಂತಾನವನ್ನು 2008ರಿಂದ ಮತ್ತೆ ಹುಲ್ಲುಗಾವಲುಗಳಿಗೆ ಬಿಡಲಾಗುತ್ತಿದೆ. ಅರೇಬಿಯಾದ ಓರಿಕ್ಸ್ ಎಂಬ ಬಿಳಿ ಚಿಗರೆಯನ್ನು 1982ರಲ್ಲಿ ಒಮಾನ್ ಮರುಭೂಮಿಗೆ ಮರಳಿಸಿದ್ದು ಇದೇ ಕ್ರಮದಿಂದ. ಛತ್‌ಬೀರಿನಲ್ಲಿ ಮರಿಗಳ ಸಂಖ್ಯೆ ಕಡಿಮೆಯೇನೂ ಇರಲಿಲ್ಲ. ಅಸ್ಸಾಮಿನಲ್ಲಿ ಮರಿಗಳಿಗೆ ಹೋಗಲು ಒಂದು ಮನೆ ಇತ್ತು. ವ್ಯತ್ಯಾಸ ಅಷ್ಟೆ. ಪಶ್ಚಿಮ ಘಟ್ಟದಲ್ಲಿ ಮಾತ್ರ ಬದುಕುವ ಸಿಂಗಳೀಕವನ್ನು ಎಷ್ಟು ಮೃಗಾಲಯಗಳಲ್ಲಿ ಸಾಕಿದರೂ, ಅದು ನೆಲಕ್ಕಿಳಿಯದೆ ಮರದಿಂದ ಮರಕ್ಕೆ ಸಾಗುವ ನಿತ್ಯಹರಿದ್ವರ್ಣದ ಕಾಡು ತುಂಡಾದರೆ ಆ ಮರಿಗಳು ಎಂದೆಂದಿಗೂ ಮೃಗಾಲಯದವೇ.

ಹುಟ್ಟಿನ ಬೆನ್ನಿಗೇ ಬರುವುದು ವರ್ಗಾವಣೆ. ಕುರಿ ಸಾಕುವವರು ಒಂದೇ ಟಗರನ್ನು ವರ್ಷಗಟ್ಟಲೆ ಮಂದೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಬೇರೆ ಊರಿನ ಮಂದೆಯಿಂದ ಟಗರು ತರುತ್ತಾರೆ. ಚನ್ನರಾಯಪಟ್ಟಣ ತಾಲ್ಲೂಕಿನ ಬೂಕನಬೆಟ್ಟದ ದನಗಳ ಜಾತ್ರೆಗೆ ಹೋಗುವ ರೈತ ಹೋರಿಯ ಹಲ್ಲನ್ನಷ್ಟೇ ನೋಡುವುದಿಲ್ಲ, ಅದು ಯಾರ ಮನೆಯ ತಳಿ ಎಂದೂ ವಿಚಾರಿಸುತ್ತಾನೆ. ರಕ್ತ ಹತ್ತಿರವಾದರೆ ತಳಿ ಕುಗ್ಗುತ್ತದೆ ಎಂಬುದು ಅವನಿಗೆ ತಿಳಿದ ವಿಚಾರ. ಮೃಗಾಲಯಗಳು ಇದೇ ಕೆಲಸಕ್ಕೆ ವಂಶಾವಳಿಯ ಪುಸ್ತಕ ಇಡುತ್ತವೆ. ಯಾವ ಪ್ರಾಣಿಯ ತಂದೆತಾಯಿ ಯಾರು, ಎಲ್ಲಿ ಹುಟ್ಟಿತು, ಯಾವುದರೊಡನೆ ಜೋಡಿಯಾಗಬಹುದು ಎಂಬುದು ಅದರಲ್ಲಿರುತ್ತದೆ. ಅದರಂತೆ ಪ್ರಾಣಿಗಳು ಒಂದು ಮೃಗಾಲಯದಿಂದ ಇನ್ನೊಂದಕ್ಕೆ ಹೋಗುತ್ತವೆ. ಇದು ಮಾರಾಟವಲ್ಲ, ವಿನಿಮಯ. ಸಂರಕ್ಷಿತ ವನ್ಯಪ್ರಾಣಿಯ ವರ್ಗಾವಣೆಗೆ ಕೇಂದ್ರ ಪ್ರಾಧಿಕಾರದ ಪೂರ್ವಾನುಮತಿ ಬೇಕು.

2021ರ ಆಗಸ್ಟಿನಲ್ಲಿ ಜರ್ಮನಿಯಿಂದ ಮೈಸೂರಿಗೆ ಥಾಬೊ, ಡೆಂಬಾ ಎಂಬ ಎರಡು ಗೊರಿಲ್ಲಾಗಳು ಬಂದವು. ಅದಕ್ಕೆ ಮುಂಚೆ ಅಲ್ಲಿದ್ದ ಪೋಲೋ ಎಂಬ ಗೊರಿಲ್ಲಾ ಜೊತೆಗಾರರಿಲ್ಲದೆ ವರ್ಷಗಳನ್ನು ಕಳೆದು 2014ರಲ್ಲಿ ಸತ್ತಿತ್ತು. ಹೊಸದಾಗಿ ಬಂದ ಎರಡೂ ಗಂಡು. ಆದ್ದರಿಂದ ಅವುಗಳಿಂದ ಮರಿಯ ಸುದ್ದಿ ಬರುವುದಿಲ್ಲ. ಗೊರಿಲ್ಲಾಗಳ ಗುಂಪಿನಲ್ಲಿ ಒಂದು ಪ್ರಬಲ ಗಂಡಿನ ಸುತ್ತ ಹಲವು ಹೆಣ್ಣುಗಳಿರುವುದರಿಂದ, ಉಳಿದ ಗಂಡುಗಳಿಗೆ ಬೇರೆ ಆಶ್ರಯ ಹುಡುಕಬೇಕಾಗುತ್ತದೆ. ಎರಡು ಮೂರು ಗಂಡುಗಳನ್ನು ಜೊತೆಗಿರಿಸುವುದು ಯುರೋಪಿನ ಮೃಗಾಲಯಗಳು ಕಂಡುಕೊಂಡ ಮಾರ್ಗ. ಮರಿ ಹುಟ್ಟಿಸದಿದ್ದರೂ ಪೋಲೋವಿನ ಒಂಟಿತನ ಮರುಕಳಿಸದಂತೆ ನೋಡಿಕೊಂಡರೆ ಅದೂ ಒಂದು ಗೆಲುವೆಂದು ಎಣಿಸಬೇಕು.

ಎಲ್ಲ ವರ್ಗಾವಣೆಯೂ ಇಷ್ಟು ನಿರ್ವಿವಾದವಲ್ಲ. 2009ರಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರವು ಆನೆಗಳನ್ನು ಮೃಗಾಲಯಗಳಿಂದ ಶಿಬಿರಗಳಿಗೂ ಅಭಯಾರಣ್ಯಗಳಿಗೂ ಸಾಗಿಸಬೇಕೆಂದು ಸೂಚಿಸಿತ್ತು. ದಿನವಿಡೀ ನಡೆದು ಮೇಯುವ, ಬಂಧುಬಳಗದೊಡನೆ ಬಾಳುವ ಪ್ರಾಣಿಗೆ ಮೃಗಾಲಯದ ಅಂಗಳ ಸಾಲದು ಎಂಬುದು ಅದರ ತಿರುಳು. ಆದರೂ ಆನೆಗಳು ಹಲವು ಮೃಗಾಲಯಗಳಲ್ಲಿ ಉಳಿದವು. 2025ರ ಜುಲೈಯಲ್ಲಿ ಬನ್ನೇರುಘಟ್ಟ ಜೈವಿಕ ಉದ್ಯಾನದ ನಾಲ್ಕು ಆನೆಗಳನ್ನು ವಿಮಾನದಲ್ಲಿ ಜಪಾನಿನ ಹಿಮೇಜಿಯ ಮೃಗಾಲಯಕ್ಕೆ ಕಳುಹಿಸಲಾಯಿತು. ಬದಲಿಗೆ ಚೀತಾ, ಜಾಗ್ವಾರ್, ಪ್ಯೂಮಾ, ಚಿಂಪಾಂಜಿ, ಕ್ಯಾಪುಚಿನ್ ಕೋತಿಗಳನ್ನು ಪಡೆಯುವ ಒಪ್ಪಂದವಾಗಿತ್ತು. ಪಂಜರಕ್ಕೆ ಒಗ್ಗುವಂತೆ ಆನೆಗಳಿಗೆ ತಿಂಗಳುಗಟ್ಟಲೆ ತರಬೇತಿ ಕೊಟ್ಟಿದ್ದರು. ಪಶುವೈದ್ಯರೂ ಮಾವುತರೂ ಜೊತೆಗೆ ಹೋದರು. ಪ್ರಯಾಣ ಸುರಕ್ಷಿತವಾಗಿತ್ತು, ಸರಿ. ಆದರೆ ಆ ಪ್ರಯಾಣದಿಂದ ಆನೆ ಎಂಬ ಜೀವಜಾತಿಗೆ ಏನು ದೊರೆಯಿತು ಎಂಬ ಪ್ರಶ್ನೆಯನ್ನು ಕೇಳಲೇಬೇಕು. ನಾಲ್ಕು ಆನೆ ಹೋದದ್ದರಿಂದ ಒಂದು ಎಕರೆ ಆನೆಕಾಡೂ ಹೆಚ್ಚಲಿಲ್ಲ.

ಈ ಪ್ರಶ್ನೆ ಹಾಸನ ಜಿಲ್ಲೆಗೆ ದೂರದ್ದಲ್ಲ. ಹೇಮಾವತಿಗೆ ಗೊರೂರಿನಲ್ಲಿ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. ಕೆಳಗಿನ ಬಯಲಿಗೆ ನೀರು ಬಂತು, ಕಬ್ಬು ಬಂತು. ಮೇಲಿನ ಊರುಗಳೂ ಗದ್ದೆಗಳೂ ಮುಳುಗಿದವು. ಒಕ್ಕಲೆದ್ದ ಜನ ಬೇರೆಡೆ ನೆಲೆ ಹುಡುಕಿದರು. ಆಲೂರು, ಸಕಲೇಶಪುರಗಳಲ್ಲಿ ಕಾಫಿ ತೋಟ, ಗದ್ದೆ, ಚೂರುಚೂರಾದ ಕಾಡುಗಳ ನಡುವೆ ಆನೆಗಳು ಉಳಿದವು. ಬೆಳೆ ಹೋಯಿತು, ಜನರ ಜೀವವೂ ಹೋಯಿತು. ಹೈಕೋರ್ಟಿನ ಆದೇಶದಂತೆ ರಚನೆಯಾದ ಆನೆ ಕಾರ್ಯಪಡೆ 2012ರಲ್ಲಿ ಕೊಟ್ಟ ವರದಿ ಈ ಭಾಗದ ಆನೆಗಳನ್ನು ಹಿಡಿದು ಸಾಗಿಸಲು ಸಲಹೆಮಾಡಿತು. 2014ರಲ್ಲಿ 22 ಆನೆಗಳನ್ನು ಹಿಡಿದರು. ಆದರೂ ಸಂಘರ್ಷ ಮುಗಿಯಲಿಲ್ಲ. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ ಕಾಡಾನೆ ಕಾರ್ಯಾಚರಣೆಗೆ ಹೋಗಿದ್ದ ಅರ್ಜುನ, ಮೈಸೂರು ದಸರೆಯಲ್ಲಿ ಎಂಟು ಬಾರಿ ಚಿನ್ನದ ಅಂಬಾರಿ ಹೊತ್ತಿದ್ದ ಆನೆ, ಕಾಡಾನೆಯ ತಿವಿತಕ್ಕೆ ಬಲಿಯಾಯಿತು. ಮನುಷ್ಯರ ನಡುವೆ ಬಾಳಿದ ಆನೆಯೂ ಕಾಡಿನ ಆನೆಯೂ ಪರಸ್ಪರ ಕಾದಾಡುವ ಸ್ಥಿತಿಯನ್ನು ತಂದವರು ಮನುಷ್ಯರೇ. ಒಂದು ಕಡೆಯಿಂದ ಪ್ರಾಣಿಯನ್ನು ತೆಗೆದು ಇನ್ನೊಂದು ಕಡೆ ಇಟ್ಟರೆ ನೆಲದ ಸಮಸ್ಯೆ ತೀರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಕಿಲ್ಲ.

ಚಿರತೆಯ ವಿಚಾರದಲ್ಲಿಯೂ ಅಷ್ಟೆ. ಕಲ್ಲುಗುಡ್ಡ, ಕುರುಚಲು, ತೆಂಗಿನ ತೋಟ, ಕಬ್ಬಿನ ಗದ್ದೆಗಳಿರುವ ಬಯಲಿನಲ್ಲಿ ಚಿರತೆ ಕಾಡಿಲ್ಲದೆಯೂ ಬದುಕಬಲ್ಲದು; ನಾಯಿ, ಮೇಕೆ, ಕಾಡುಹಂದಿ ಅದರ ಆಹಾರ. ಹೊಳೆನರಸೀಪುರ, ಚನ್ನರಾಯಪಟ್ಟಣದ ಕಡೆ ಬೋನು ಇಡಿ ಎಂಬ ಬೇಡಿಕೆ ಹೊಸದಲ್ಲ. ಬೋನಿಗೆ ಬಿದ್ದ ಚಿರತೆಯನ್ನು ದೂರದ ಕಾಡಿನಲ್ಲಿ ಬಿಡುವುದು ರೂಢಿ. ಮಹಾರಾಷ್ಟ್ರದ ಜುನ್ನರ್ ಪ್ರದೇಶದಲ್ಲಿ ಹೀಗೆ ಚಿರತೆಗಳನ್ನು ಹಿಡಿದು ಬೇರೆಡೆ ಬಿಟ್ಟ ಕಾಲದಲ್ಲಿ ಮನುಷ್ಯರ ಮೇಲಿನ ದಾಳಿ ಹೆಚ್ಚಾಯಿತೆಂದು ಅಧ್ಯಯನ ತೋರಿಸಿತು. ಗುರುತಿಲ್ಲದ ನೆಲದಲ್ಲಿ ಬಿದ್ದ ಪ್ರಾಣಿ ಗಾಬರಿಗೊಂಡು ಅಲೆಯುತ್ತದೆ. ಖಾಲಿಯಾದ ಜಾಗಕ್ಕೆ ಇನ್ನೊಂದು ಚಿರತೆ ಬರುತ್ತದೆ. ಕಂಡ ಮಾತ್ರಕ್ಕೆ ಚಿರತೆಯನ್ನು ಹಿಡಿಯಬಾರದೆಂದು ಕೇಂದ್ರ ಪರಿಸರ ಸಚಿವಾಲಯವು 2011ರ ಮಾರ್ಗಸೂಚಿಯಲ್ಲಿ ಹೇಳಿದ್ದು ಈ ಅನುಭವದ ಮೇಲೆ.

"ಹಾಗಾದರೆ ಕಾಡು ಬೇಡ, ಮೃಗಾಲಯಕ್ಕೇ ಕೊಡಿ" ಎಂಬ ಮಾತು ಆಗ ಬರುತ್ತದೆ. ಗಾಯಗೊಂಡ, ಮನುಷ್ಯನ ಮೇಲೆರಗಿದ ಪ್ರಾಣಿಗಳಿಗೆಂದು ಮೈಸೂರಿನ ಬಳಿ ಕೂರ್ಗಳ್ಳಿಯಲ್ಲಿಯೂ ಬನ್ನೇರುಘಟ್ಟದಲ್ಲಿಯೂ ಪುನರ್ವಸತಿ ಕೇಂದ್ರಗಳಿವೆ. ಆದರೆ ಯಾವ ಕೇಂದ್ರದ ಗೋಡೆಯೂ ರಬ್ಬರಿನದಲ್ಲ. ಒಂದೊಂದು ಪ್ರಾಣಿ ಹತ್ತು ಹದಿನೈದು ವರ್ಷ ಒಂದು ಕೋಣೆಯನ್ನು ಹಿಡಿಯುತ್ತದೆ. ಹೆಚ್ಚು ಪ್ರಾಣಿಗಳನ್ನು ಒಂದೆಡೆ ಕೂಡಿಟ್ಟರೆ ರೋಗದ ಭಯವೂ ಹೆಚ್ಚು. 2023ರ ಆಗಸ್ಟ್ ಮತ್ತು ಸೆಪ್ಟೆಂಬರಿನಲ್ಲಿ ಬನ್ನೇರುಘಟ್ಟದಲ್ಲಿ ಏಳು ಚಿರತೆ ಮರಿಗಳು ಬೆಕ್ಕಿನ ಜಾತಿಗೆ ತಗಲುವ ವೈರಾಣು ರೋಗದಿಂದ ಸತ್ತವು. 2025ರ ನವೆಂಬರಿನಲ್ಲಿ ಬೆಳಗಾವಿ ಬಳಿಯ ಭೂತರಾಮನಹಟ್ಟಿಯ ಮೃಗಾಲಯದಲ್ಲಿ ಕೆಲವೇ ದಿನಗಳಲ್ಲಿ 30ಕ್ಕೂ ಹೆಚ್ಚು ಕೃಷ್ಣಮೃಗಗಳು ಗಳಲೆ ರೋಗಕ್ಕೆ ತುತ್ತಾದವು. ಲಸಿಕೆ, ವೈದ್ಯರು, ಔಷಧಿ ಇದ್ದ ಕಡೆಯಲ್ಲಿಯೂ ಹೀಗಾಗಬಹುದಾದರೆ, ಮೃಗಾಲಯವನ್ನು ಭದ್ರವಾದ ಕೊನೆಯ ಮನೆಯೆಂದು ತಿಳಿಯುವುದು ತಪ್ಪು.

ಆದ್ದರಿಂದ ಮತ್ತೆ ಆ ಕಬ್ಬಿನ ಗದ್ದೆಗೆ ಬರಬೇಕು. ಎತ್ತರದ ಕಬ್ಬು ತಾಯಿ ಚಿರತೆಗೆ ಮರಿ ಹಾಕಲು ಮರೆಯಾದ ಸ್ಥಳ. ಕಟಾವಿನ ಕಾಲಕ್ಕೆ ಕಬ್ಬು ಕಡಿಯುವವರ ಕಣ್ಣಿಗೆ ಮರಿ ಬೀಳುತ್ತದೆ. ತಾಯಿ ಬಿಟ್ಟು ಹೋಗಿದೆ ಎಂದು ಎಲ್ಲರೂ ತೀರ್ಮಾನಿಸುತ್ತಾರೆ. ಅದು ಬಿಟ್ಟು ಹೋಗಿರುವುದಿಲ್ಲ. ಜನರ ಸದ್ದಿಗೆ ದೂರ ಸರಿದು ಕತ್ತಲೆಗಾಗಿ ಕಾಯುತ್ತಿರುತ್ತದೆ. ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಎಂಬ ನಂಬಿಕೆಯೂ ನಿಜವಲ್ಲ. ಸಿಕ್ಕಿದ ಮರಿಗಳನ್ನು ಅದೇ ಸ್ಥಳದಲ್ಲಿ ಪೆಟ್ಟಿಗೆಯೊಂದರಲ್ಲಿಟ್ಟು ಜನ ದೂರ ಸರಿದರೆ, ರಾತ್ರಿ ತಾಯಿ ಬಂದು ಒಂದೊಂದಾಗಿ ಕಚ್ಚಿಕೊಂಡು ಹೋಗುವುದನ್ನು ಜುನ್ನರಿನ ಗದ್ದೆಗಳಲ್ಲಿ ಅರಣ್ಯ ಸಿಬ್ಬಂದಿಯೂ ಪಶುವೈದ್ಯರೂ ಮತ್ತೆಮತ್ತೆ ಕಂಡಿದ್ದಾರೆ. ಎಷ್ಟೋ ಸಲ ಚಿರತೆ ಮರಿ ಎಂದು ಎತ್ತಿ ತಂದದ್ದು ಕಾಡುಬೆಕ್ಕಿನ ಮರಿಯೂ ಆಗಿರುತ್ತದೆ.

ಆ ಒಂದು ರಾತ್ರಿ ಕಾಯದಿದ್ದರೆ ಏನಾಗುತ್ತದೆ? ಚಿರತೆ ಮರಿ ಒಂದೂವರೆ ಎರಡು ವರ್ಷ ತಾಯಿಯ ಜೊತೆಗಿದ್ದು ಬೇಟೆಯನ್ನೂ ಮನುಷ್ಯನಿಂದ ತಪ್ಪಿಸಿಕೊಳ್ಳುವುದನ್ನೂ ಕಲಿಯುತ್ತದೆ. ಬಾಟಲಿ ಹಾಲು ಕುಡಿದು ಬೆಳೆದ ಮರಿಗೆ ಎರಡೂ ಬಾರದು. ಅದನ್ನು ಕಾಡಿಗೆ ಬಿಟ್ಟರೆ ಊರಿಗೇ ಬರುತ್ತದೆ. ಹೀಗೆ ಒಂದು ಮಧ್ಯಾಹ್ನದ ಅವಸರ ಒಂದು ಪ್ರಾಣಿಯ ಇಡೀ ಆಯುಷ್ಯವನ್ನು ಕೋಣೆಯೊಳಗೆ ಕಳೆಯುವಂತೆ ಮಾಡುತ್ತದೆ. ಮರಿ ಕಳೆದುಕೊಂಡ ತಾಯಿ ಹುಡುಕುತ್ತ ಗದ್ದೆಯ ಸುತ್ತಲೇ ತಿರುಗುತ್ತದೆ; ಅಪಾಯ ಕಡಿಮೆಯಾಗುವ ಬದಲು ಹೆಚ್ಚುತ್ತದೆ.

ಇಷ್ಟು ಹೇಳಿದಾಗ ರೈತನ ಕಷ್ಟವನ್ನು ಮರೆಯಬಾರದು. ರಾತ್ರಿ ಗದ್ದೆಗೆ ನೀರು ಹಾಯಿಸಲು ಹೋಗುವವನು ಅವನು; ಮೇಕೆ ಕಳೆದುಕೊಳ್ಳುವವಳು ಅವನ ಮನೆಯಾಕೆ. ಕಾಡುಪ್ರಾಣಿ ಉಳಿಯಬೇಕೆಂಬ ಮಾತಿನ ಬೆಲೆಯನ್ನು ಅವರೊಬ್ಬರೇ ತೆರಬೇಕೆನ್ನುವುದು ನ್ಯಾಯವಲ್ಲ. ಆದರೆ "ಹಿಡಿದು ಸಾಗಿಸಿ" ಎಂಬ ಬೇಡಿಕೆ ಅವರಿಗೂ ರಕ್ಷಣೆ ಕೊಡುವುದಿಲ್ಲ. ಗದ್ದೆಗೆ ಹಗಲಿನಲ್ಲಿ ವಿದ್ಯುತ್ತು, ಮೇಕೆಗೂ ಕರುವಿಗೂ ಗಟ್ಟಿ ಬಾಗಿಲಿನ ಕೊಟ್ಟಿಗೆ, ಸತ್ತ ಜಾನುವಾರಿಗೆ ತಡವಿಲ್ಲದ ಪರಿಹಾರ, ಊರ ಹೊರಗೆ ಸತ್ತ ಕೋಳಿಯನ್ನೂ ಮಾಂಸದ ಕಸವನ್ನೂ ಸುರಿದು ನಾಯಿಗಳ ಹಿಂಡನ್ನು ಬೆಳೆಸದಿರುವುದು: ಗ್ರಾಮಸಭೆಯಲ್ಲಿ ಎತ್ತಬೇಕಾದ ಬೇಡಿಕೆಗಳು ಇವು. ಕಟಾವಿಗೆ ಮುನ್ನ ಸದ್ದು ಮಾಡುತ್ತ ಒಂದೇ ಕಡೆಯಿಂದ ಕಡಿಯುವುದು, ಮರಿ ಕಂಡರೆ ಆ ಭಾಗದ ಕಟಾವು ನಿಲ್ಲಿಸಿ ವಲಯ ಅರಣ್ಯ ಕಚೇರಿಗೆ ತಿಳಿಸುವುದು, ಗುಂಪು ಸೇರದಿರುವುದು: ಇವು ಊರಿನವರ ಕೈಯಲ್ಲೇ ಇರುವ ಕೆಲಸಗಳು.

ವಿದ್ಯಾರ್ಥಿಗಳಿಗೆ ಒಂದು ಮಾತು. ಮುಂದಿನ ಬಾರಿ ಮೈಸೂರಿನ ಮೃಗಾಲಯಕ್ಕೋ ಶಿವಮೊಗ್ಗದ ತ್ಯಾವರೆಕೊಪ್ಪಕ್ಕೋ ಹೋದಾಗ ಪ್ರಾಣಿಯನ್ನು ಕೂಗಿ ಕರೆಯುವ ಬದಲು ಫಲಕದ ಮುಂದೆ ನಿಂತು ಮೂರು ಪ್ರಶ್ನೆ ಕೇಳಿ. ಈ ಪ್ರಾಣಿ ಎಲ್ಲಿ ಹುಟ್ಟಿತು? ಇಲ್ಲಿಗೆ ಏಕೆ ಬಂತು? ಇದರ ಮರಿಗೆ ಹೋಗಲು ಕಾಡು ಉಳಿದಿದೆಯೆ? ಮೊದಲ ಎರಡಕ್ಕೆ ಪಾಲಕರು ಉತ್ತರ ಹೇಳಿಯಾರು. ಮೂರನೆಯದಕ್ಕೆ ಉತ್ತರ ಮೃಗಾಲಯದೊಳಗಿಲ್ಲ. ಅದು ಹೇಮಾವತಿಯ ಮೇಲುದಂಡೆಯಲ್ಲಿ, ಬಿಸಿಲೆಯ ಕಾಡಿನಲ್ಲಿ, ಊರ ಪಕ್ಕದ ಕಲ್ಲುಗುಡ್ಡದಲ್ಲಿದೆ.

ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಯ ಮಡುವಿಗೆ ಇಳಿಯುವ ಮೆಟ್ಟಿಲಿನ ಮೇಲೆ ನಿಂತರೆ ದೊಡ್ಡ ದೊಡ್ಡ ಮೀನುಗಳು ಕಾಣುತ್ತವೆ. ಅವು ದೇವರ ಮೀನುಗಳೆಂದು ಅಲ್ಲಿ ಯಾರೂ ಗಾಳ ಹಾಕುವುದಿಲ್ಲ. ಅಲ್ಲಿ ಕಂದಕವಿಲ್ಲ, ಬೇಲಿಯಿಲ್ಲ, ಹುಟ್ಟಿದ ಮರಿಗಳ ದಾಖಲೆ ಪುಸ್ತಕವಿಲ್ಲ. ಹೊಳೆ ಹರಿಯುತ್ತಿರಬೇಕು, ಜನ ಕೈ ತಡೆದಿರಬೇಕು. ಉಳಿದದ್ದನ್ನು ಮೀನು ತಾನೇ ನೋಡಿಕೊಳ್ಳುತ್ತದೆ. ಕಬ್ಬಿನ ಗದ್ದೆಯ ಮರಿಗೆ ಬೇಕಾದದ್ದೂ ಅಷ್ಟೇ: ಒಂದು ರಾತ್ರಿಯ ಮಟ್ಟಿಗೆ ಕೈ ತಡೆಯುವ ಜನ.